ಒಣ ಕೋಣೆಯಲ್ಲಿ ಇಬ್ಬರು

ಕಾರ್ಖಾನೆಯಲ್ಲಿ ಆಕೆಯನ್ನು ಎಲ್ಲರೂ ಕರೆಯುವುದು ಪುಡಿ ಅಕ್ಕ ಎಂದೇ. ಹೊಸ ಬಗೆಯ ಬ್ಯಾಟರಿಗೆ ಬೇಕಾದ ಹಳದಿ ಪುಡಿಯನ್ನು ತೂಗಿ, ಅಚ್ಚಿಗೆ ಸುರಿದು, ಒತ್ತಿ ಬಿಲ್ಲೆ ಮಾಡುವುದು ಆಕೆಯ ಕೆಲಸ. ಹಗಲು ಬಿಸಿಲಿನಿಂದ ಬಂದ ಕರೆಂಟನ್ನು ರಾತ್ರಿಗೆಂದು ಕೂಡಿಡುವ ಬ್ಯಾಟರಿ ಅದು. ಒಳಗೆ ದ್ರಾವಣದ ಬದಲು ಈ ಬಿಲ್ಲೆ ಇರುತ್ತದೆ. ಪುಡಿಯದ್ದು ಮಹಾ ಮುಂಗೋಪ. ಒಂದಿಷ್ಟು ತೇವ ಸೋಕಿದರೆ ಸಾಕು, ಕೊಳೆತ ಮೊಟ್ಟೆಯ ನಾತ ಹೊಡೆದು ಯಾವ ಕೆಲಸಕ್ಕೂ ಬಾರದಂತಾಗುತ್ತದೆ. ಅದಕ್ಕೇ ಗಾಳಿಯ ಪಸೆಯನ್ನೆಲ್ಲ ಹೀರಿ ತೆಗೆದ ಸಣ್ಣ ಕೋಣೆಯೊಂದನ್ನು ಅದಕ್ಕೆಂದೇ ಕಟ್ಟಿದ್ದಾರೆ. ಮನುಷ್ಯರ ಉಸಿರಿನಲ್ಲೂ ನೀರಿರುತ್ತದಲ್ಲ, ಹಾಗಾಗಿ ಒಳಗೆ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಪ್ರವೇಶ. ತುಟಿ ಬಿರಿಯುವ, ಕಣ್ಣು ಉರಿಯುವ ಆ ಕೋಣೆಗೆ ಬೇರೆ ಯಾರೂ ಒಪ್ಪದೆ ಕೆಲಸ ಆಕೆಯ ಪಾಲಿಗೇ ಉಳಿಯಿತು.

ಅಪ್ಪ ಅಮ್ಮ ಬೇಗ ಹೋದ ಮೇಲೆ ತಂಗಿಯನ್ನು ಸಾಕಿದವಳು ಆಕೆ. ಇಬ್ಬರೂ ಮದುವೆಯ ಗೊಡವೆಗೆ ಹೋಗದೆ ಒಂದೇ ಮನೆಯಲ್ಲಿ ಕಚ್ಚಾಡಿಕೊಂಡು ಸುಖವಾಗಿದ್ದರು. ಬಟ್ಟೆ ಮಡಿಸುವಾಗ ಶುರುವಾದ ಜಗಳ ಪಾತ್ರೆ ತೊಳೆಯುವಾಗ ಮುಗಿಯುತ್ತಿತ್ತು. ಮುಗಿಯದಿದ್ದರೆ ಇನ್ನೂ ಒಳ್ಳೆಯದು, ನಾಳೆಗೂ ಮಾತಿರುತ್ತಿತ್ತು. ಕೂದಲು ನರೆಯುವ ಹೊತ್ತಿಗೆ ತಂಗಿ ಇಬ್ಬರು ಮಕ್ಕಳ ತಂದೆಯೊಬ್ಬನನ್ನು ಮೆಚ್ಚಿ ಮದುವೆಯಾಗಿ ಹೊರಟಳು. ಅಕ್ಕನೇ ಮುಂದೆ ನಿಂತು, ಮನಸಾರೆ ಕಳಿಸಿಕೊಟ್ಟಳು. ಈಗ ಫೋನು ಮಾಡಿದರೆ ಅತ್ತ ಕಡೆ ಮಕ್ಕಳ ಗಲಾಟೆ, ನಡುವೆ "ಆಮೇಲೆ ಮಾಡ್ತೀನಿ ಅಕ್ಕ" ಎಂಬ ಒಂದು ಮಾತು. ಆ ಆಮೇಲೆ ಎಂಬುದಕ್ಕೆ ಬರುವ ಅಭ್ಯಾಸವೇ ಇಲ್ಲ.

ಮನೆಯಲ್ಲಿ ಒಬ್ಬಳೇ ಮಾತಾಡಿದರೆ ಪಕ್ಕದ ಮನೆಯವರು ಕಿಟಕಿಗೆ ಬಂದು ನಿಲ್ಲುತ್ತಾರೆ. ಒಣ ಕೋಣೆಯಲ್ಲಿ ಆ ಕಾಟವಿಲ್ಲ. ಬಾಯಿಗೆ ಮಾಸ್ಕು, ಸುತ್ತ ಫ್ಯಾನಿನ ಸದ್ದು. ಅಲ್ಲಿ ಆಕೆ ತಂಗಿಯೊಡನೆ ಮಾತು ಶುರುವಿಟ್ಟುಕೊಂಡಳು. "ಈ ಬಿಲ್ಲೆ ನೋಡೇ, ಸಿಟ್ಟು ಬಂದಾಗ ನಿನ್ನ ಮೂತಿ ಇದ್ದ ಹಾಗೇ ಇದೆ" ಎಂದು ರೇಗಿಸುವುದು, ತಂಗಿಯ ಪರವಾಗಿ ತಾನೇ ಜವಾಬು ಕೊಡುವುದು, ಬಿದ್ದು ಬಿದ್ದು ನಗುವುದು. ಹೊರಗಿನವರಿಗೆ ಏನೂ ಗೊತ್ತಾಗಲಿಲ್ಲ. ಗೊತ್ತಾದದ್ದು ತೇವ ಅಳೆಯುವ ಯಂತ್ರಕ್ಕೆ.

ಒಂದು ಬೆಳಿಗ್ಗೆ ಮ್ಯಾನೇಜರು ಕರೆಸಿದರು. ಪಕ್ಕದಲ್ಲಿ ಬಾಗಿಲು ರಿಪೇರಿಯವನು ಮುಖ ಜೋಲು ಹಾಕಿಕೊಂಡು ನಿಂತಿದ್ದ.

"ನೋಡಿ ಅಕ್ಕ, ಒಳಗೆ ಇಬ್ಬರು ಇದ್ದಷ್ಟು ತೇವ ತೋರಿಸ್ತಿದೆ. ಕ್ಯಾಮೆರಾದಲ್ಲಿ ನೀವೊಬ್ರೇ ಇದ್ದೀರಿ. ಅಂದ್ರೆ ಇವನು ಹಾಕಿದ ಬಾಗಿಲ ರಬ್ಬರೇ ಸರಿಯಾಗಿ ಕೂತಿಲ್ಲ. ಬಿಲ್ಲೆಗಳೆಲ್ಲ ಹಾಳು. ಇವತ್ತೇ ಇವನ ಲೆಕ್ಕ ಚುಕ್ತಾ ಮಾಡ್ತೀನಿ."

"ಸಾರ್, ಕೈಯಾರೆ ಕೂರಿಸಿದ್ದೀನಿ, ಕೂದಲು ತೂರೋಷ್ಟೂ ಸಂದಿಲ್ಲ. ಅಕ್ಕ, ನೀವಾದ್ರೂ ಹೇಳಿ!" ಎಂದ ರಿಪೇರಿಯವನು.

ಸುಮ್ಮನಿದ್ದರೆ ಕೆಲವು ದಿನವಾದರೂ ಆ ಕೋಣೆಯ ಮಾತು ಆಕೆಗೆ ಉಳಿಯುತ್ತಿತ್ತು, ಆ ಬಡಪಾಯಿಯ ಅನ್ನ ಹೋಗುತ್ತಿತ್ತು. ಬಾಯಿಬಿಟ್ಟರೆ ಮಾತು ಹೋಗುವುದಲ್ಲದೆ, ತಲೆ ಕೆಟ್ಟವಳು ಎಂಬ ಬಿರುದು ಬೇರೆ. ಆಕೆಗೆ ನಾಚಿಕೆಯಾಯಿತು, ಭಯವೂ ಆಯಿತು.

"ತಪ್ಪು ಬಾಗಿಲದ್ದಲ್ಲ ಸಾರ್. ನನ್ನ ಬಾಯಿಯದ್ದು," ಎಂದಳು.

"ಏನು ಹಾಗಂದ್ರೆ?"

"ಒಳಗೆ ಮಾತಾಡ್ತಾ ಇರ್ತೀನಿ. ಹೋದಾಗಿಂದ ಹೊರಗೆ ಬರೋವರೆಗೂ. ನಮ್ಮ ತಂಗಿ ಜೊತೆ."

"ಫೋನು ಒಳಗೆ ತಗೊಂಡು ಹೋಗಬಾರ್ದು ಅಂತ ಎಷ್ಟು ಸಲ..."

"ಫೋನಿಲ್ಲ ಸಾರ್."

ಮ್ಯಾನೇಜರು ಕೆಟ್ಟ ಮನುಷ್ಯರಲ್ಲ, ನಗಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ರಿಪೇರಿಯವನು ನೆಲ ನೋಡುತ್ತ ನಿಂತ. ತನ್ನ ಕೆಲಸ ಉಳಿಸಿದ್ದಕ್ಕೆ ಆಕೆಗೆ ಕೈ ಮುಗಿಯಬೇಕೆನಿಸಿದರೂ ಅವನಿಗೆ ಕೈ ಏಳಲಿಲ್ಲ. "ಇನ್ಮೇಲೆ ಒಳಗೆ ಮಾತು ಬೇಡ ಅಕ್ಕ," ಎಂದಷ್ಟೇ ಹೇಳಿ ಮ್ಯಾನೇಜರು ಕಳಿಸಿದರು.

ಅಂದು ಆಕೆ ಬಾಯಿಗೆ ಬೀಗ ಹಾಕಿಕೊಂಡಳು. ಬಿಲ್ಲೆಯೊಂದು ಅಂಚು ಮುರಿದುಕೊಂಡಾಗ ತಂಗಿಯ ಹೆಸರು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡಳು. ಮನಸ್ಸಿನಲ್ಲೇ ಮಾತಾಡಿ ನೋಡಿದಳು. ಅತ್ತ ಕಡೆಯಿಂದ ಜವಾಬು ಬರಲಿಲ್ಲ. ದನಿಯಿಲ್ಲದ ಅಕ್ಕನೊಡನೆ ಜಗಳವಾಡಲು ತಂಗಿಗೂ ಮನಸ್ಸಿರಲಿಲ್ಲವೇನೋ.

ಸಂಜೆ ಹೊರಗೆ ಬಂದು ಮಾಸ್ಕು ಕಳಚುತ್ತಿರುವಾಗ ಮ್ಯಾನೇಜರು ಖುಷಿಯಿಂದ ಯಂತ್ರದ ಪರದೆಯ ಬಳಿಗೆ ಕರೆದರು.

"ಭೇಷ್ ಅಕ್ಕ! ತೇವದ ಗೆರೆ ಹೇಗೆ ನೆಲಕ್ಕೆ ಅಂಟಿಕೊಂಡಿದೆ ನೋಡಿ. ಒಳಗೆ ಯಾರೂ ಇರ್ಲಿಲ್ವೇನೋ ಅನ್ನೋ ಹಾಗಿದೆ."

"ಯಾರೂ ಇರ್ಲಿಲ್ಲ ಸಾರ್," ಎಂದಳು ಪುಡಿ ಅಕ್ಕ.