ಇಳಿದ ಹೆಗಲಿನ ಕೋಟು

ಕತ್ತರಿ ಹಿಡಿದೂ ಹಿಡಿದೂ ಆ ಟೈಲರರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಅಡಿಕೆಯಷ್ಟು ದಪ್ಪದ ಜಡ್ಡು ಕಟ್ಟಿತ್ತು. ಉಣ್ಣೆಯ ಎಳೆ ಅದಕ್ಕೆ ಸಿಕ್ಕಿಕೊಳ್ಳುತ್ತದೆಂದು ಬಟ್ಟೆಯನ್ನು ಎಡಗೈಯಿಂದಲೇ ಸವರಿ ನೋಡುತ್ತಿದ್ದರು. ಪುತ್ತೂರು ಪೇಟೆಯಲ್ಲಿ ಅಂಗಿ ಚಡ್ಡಿ ಹೊಲಿಯುವವರು ಬೇಕಾದಷ್ಟು ಮಂದಿ ಇದ್ದರು. ಕೋಟು ಎಂದರೆ ಮಾತ್ರ ವಕೀಲರೂ ಡಾಕ್ಟರರೂ ಅವರ ಅಂಗಡಿಯ ಮೆಟ್ಟಿಲನ್ನೇ ಹತ್ತಬೇಕು.

ಐವತ್ತರ ದಶಕದ ಕೊನೆಯಲ್ಲಿ ನಾನೂ ಹತ್ತಿದೆ. ಮಂಗಳೂರಿನಲ್ಲಿ ಮೇಷ್ಟರ ಕೆಲಸಕ್ಕೆ ಸಂದರ್ಶನವಿತ್ತು. ನನ್ನ ಭಯವೆಲ್ಲ ಎಡಹೆಗಲಿನದು. ಚಿಕ್ಕಂದಿನಲ್ಲಿ ನರಿಮೊಗರಿನ ನಮ್ಮ ಮನೆಯ ಅಟ್ಟದಿಂದ ಬಿದ್ದು ಅದು ಎರಡು ಬೆರಳು ಇಳಿದಿತ್ತು. ಶಾಲೆಯಲ್ಲಿ ಮಕ್ಕಳು ವಾಲಿಕೊಂಡು ನನ್ನ ಹಿಂದೆ ನಡೆಯುತ್ತಿದ್ದರು. ಅಂದಿನಿಂದ ಜನರೆದುರು ಆ ಹೆಗಲನ್ನು ಎತ್ತಿ ಹಿಡಿದೇ ನಿಲ್ಲುವುದು ರೂಢಿಯಾಗಿತ್ತು. ನಾಳೆ ನನ್ನ ತರಗತಿಯಲ್ಲೂ ಮಕ್ಕಳು ನಕ್ಕರೆ?

ಅಳತೆಗೂ ಹಾಗೆಯೇ ನಿಂತೆ. ಅವರು ಚೀಟಿಯಲ್ಲಿ ಬರೆದುಕೊಂಡು, "ಎದುರಿನ ಹೋಟೆಲಿನಲ್ಲಿ ಒಂದು ಚಾ ಕುಡಿದು ಬನ್ನಿ. ಇನ್ನೂ ಸ್ವಲ್ಪ ಕೆಲಸ ಉಂಟು" ಎಂದರು. ಹೋದೆ. ಚಾ ಬಿಸಿಯಿತ್ತು, ಓದಲು ಪತ್ರಿಕೆ ಸಿಕ್ಕಿತು, ಮೈಮರೆತು ಕೂತೆ. ತಿರುಗಿ ಬಂದಾಗ ಅಳತೆಯ ಚೀಟಿ ಹರಿದು ಬಿದ್ದಿತ್ತು.

"ಎಂತಾಯ್ತು?" ಎಂದೆ.

"ಅಳತೆಗೆ ನಿಂತದ್ದು ಒಬ್ಬರು, ಚಾ ಕುಡಿದದ್ದು ಇನ್ನೊಬ್ಬರು ಮಾರಾಯ್ರೆ. ಕಿಟಕಿಯಿಂದ ನೋಡ್ತಾ ಇದ್ದೆ. ಕೋಟು ಹೊಲಿಯುದು ಚಾ ಕುಡಿದವರಿಗೆ."

ನಾಚಿಕೆಯಿಂದ ಕುಗ್ಗಿಹೋದೆ, ಎತ್ತಿ ಹಿಡಿದಿದ್ದ ಹೆಗಲು ಇಳಿಯಿತು. "ಹಾಂ, ಈಗ ಸರಿಯಾಗಿ ನಿಂತ್ರಿ" ಎಂದು ಮತ್ತೆ ಟೇಪು ಎತ್ತಿಕೊಂಡರು.

ಟ್ರಯಲಿನ ದಿನ ಬಿಳಿನೂಲಿನ ಕಚ್ಚಾ ಹೊಲಿಗೆಯ ಕೋಟು ತೊಡಿಸಿ, ಬೆನ್ನ ಹಿಂದೆ ನಿಂತು, ಎಡತೋಳನ್ನು ಚರ್ರನೆ ಕಿತ್ತರು. ಹೆಗಲೊಳಗೆ ಹತ್ತಿಯ ಪದರ ಇಟ್ಟರು, ತೆಗೆದರು, ಅದರಲ್ಲಿ ಅರ್ಧ ಇಟ್ಟರು. ಕಾಲರಿನ ಕೆಳಗಿನ ಸುಕ್ಕು ಮಾಯವಾಯಿತು. ಕನ್ನಡಿಯಲ್ಲಿ, ಹೆಗಲೆತ್ತದೆಯೇ ನಾನು ನೆಟ್ಟಗಿದ್ದೆ. ಕಣ್ಣಲ್ಲಿ ನೀರು ಬಂತು. ದೇವರೆದುರು ನಿಂತಾಗಲೂ ನನಗೆ ಅಂಥ ಬೆರಗು ಆಗಿಲ್ಲ ಎಂದರೆ ಯಾರಾದರೂ ಬೈದಾರು, ಬೈಯಲಿ.

ಸಂದರ್ಶನದಲ್ಲಿ ನನ್ನ ಗಮನವೆಲ್ಲ ಪ್ರಶ್ನೆಗಳ ಮೇಲಿತ್ತು. ಕೆಲಸ ಸಿಕ್ಕಿತು. ಕೋಟು ಹಾಕಿಕೊಂಡೇ ಸುದ್ದಿ ಹೇಳಲು ಹೋದರೆ, ಅವರು ನನ್ನನ್ನು ತಿರುಗಿಸಿ ನಿಲ್ಲಿಸಿ, "ಕಾಲರು ಕುತ್ತಿಗೆ ಬಿಟ್ಟಿಲ್ಲ. ಅಷ್ಟು ಸಾಕು" ಎಂದರು. ಕೆಲಸದ ಬಗ್ಗೆ ಕೇಳಲೇ ಇಲ್ಲ.

ಆರೇಳು ವರ್ಷಗಳ ಬಳಿಕ ಅವರು ತೀರಿಕೊಂಡರು. ಸುದ್ದಿ ಬಂದಾಗ ಪಾಠ ಮಾಡುತ್ತಿದ್ದೆ. ಸೆಕೆಗೆ ಕೋಟನ್ನು ಕಳಚಿಟ್ಟಿದ್ದವನು, ಅದನ್ನು ಅಲ್ಲೇ ಬಿಟ್ಟು ಬರಿಯ ಅಂಗಿಯಲ್ಲಿ ಬಸ್ಸು ಹತ್ತಿದೆ. ಅವರ ಮನೆಯ ಅಂಗಳದಲ್ಲಿ ಪೇಟೆಗೆ ಪೇಟೆಯೇ ನೆರೆದಿತ್ತು. ಅಷ್ಟು ಜನರೆದುರು ಎಡಹೆಗಲನ್ನು ಇಳಿಬಿಟ್ಟು ಅಳುತ್ತಿದ್ದೇನೆಂದು ನನಗೆ ಗೊತ್ತಾದದ್ದು ಬಹಳ ಹೊತ್ತಿನ ಮೇಲೆ. ಗೊತ್ತಾದ ಮೇಲೂ ಎತ್ತಲಿಲ್ಲ.