ನರ್ಸಬಾಯಿ ಓದದೆ ಬಿಟ್ಟ ಕೊನೆಯ ಪುಟಗಳು

ಕಳೆದ ವಾರ ರಕ್ತ ಪರೀಕ್ಷೆಗೆಂದು ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ಕುಳಿತಿದ್ದೆ. ಅಲ್ಲಿನ ಹುಡುಗಿ ಸ್ಪಿರಿಟ್ ಅದ್ದಿದ ಹತ್ತಿಯಿಂದ ನನ್ನ ತೋಳು ಒರೆಸಿದಳು. ತಣ್ಣಗಿನ ಆ ವಾಸನೆ ಮೂಗಿಗೆ ಬಂದದ್ದೇ ನನಗೊಂದು ದಪ್ಪ ಪುಸ್ತಕ ನೆನಪಾಯಿತು. ಪುಸ್ತಕಕ್ಕೆ ಸ್ಪಿರಿಟ್ ವಾಸನೆ ಇರುತ್ತದೆ ಎಂದರೆ ಯಾರೂ ನಂಬಲಿಕ್ಕಿಲ್ಲ. ನಾನು ದಾಂಡೇಲಿಯಲ್ಲಿ ಓದಿದ ಪುಸ್ತಕಗಳಿಗೆಲ್ಲ ಅದೇ ವಾಸನೆ ಇತ್ತು. ಅವು ನರ್ಸಬಾಯಿಯವರ ಪುಸ್ತಕಗಳು. ಕೈಗೆ ಸ್ಪಿರಿಟ್ ಸವರಿಕೊಳ್ಳದೆ ಅವರು ಕೂಸನ್ನೂ ಮುಟ್ಟುತ್ತಿರಲಿಲ್ಲ, ಪುಸ್ತಕವನ್ನೂ ಮುಟ್ಟುತ್ತಿರಲಿಲ್ಲ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ನನ್ನ ತವರು ಹಳಿಯಾಳದ ಹತ್ತಿರದ ಒಂದು ಹಳ್ಳಿ, ಒಕ್ಕಲುತನದ ಮನೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಎರಡು ವರ್ಷಕ್ಕೆ ಮದುವೆಯಾಯಿತು. ನನ್ನವರಿಗೆ ದಾಂಡೇಲಿಯಲ್ಲಿ ಅರಣ್ಯ ಇಲಾಖೆಯ ನಾಟಾ ಡಿಪೋದಲ್ಲಿ ಗುಮಾಸ್ತಿಕೆ. ನಮ್ಮ ಎರಡು ಕೋಣೆಯ ಮನೆಯ ಎದುರಿಗೇ ಹೆಂಚಿನ ಸಣ್ಣ ದವಾಖಾನೆ. ಅದರ ಹಿಂದಿನ ಕೋಣೆಯಲ್ಲಿ ನರ್ಸಬಾಯಿ ಒಬ್ಬರೇ ಇದ್ದರು. ಕಾರವಾರದ ಕಡೆಯ, ಕೊಂಕಣಿ ಮಾತಿನ ಕ್ರಿಶ್ಚಿಯನ್ ಮನೆತನ. ಧಾರವಾಡದಲ್ಲಿ ಕೆಲಸ ಕಲಿತಿದ್ದರಿಂದ ಕನ್ನಡ ಮಾತ್ರ ಅಪ್ಪಟ ನಮ್ಮದೇ. ನಲವತ್ತೈದು ದಾಟಿದ್ದ ವಯಸ್ಸು, ಬಿಳಿ ಸೀರೆ, ಕಣ್ಣಿಗೆ ಒಂದು ಕಡ್ಡಿ ಮುರಿದು ದಾರ ಕಟ್ಟಿಕೊಂಡ ಚಾಳೀಸು. ಬೈಯುವುದರಲ್ಲಿ ಯಾರಿಗೂ ರಿಯಾಯಿತಿ ಇರಲಿಲ್ಲ, ಡಾಕ್ಟರಿಗೂ ಕೂಡ.

ಬಂದ ವರ್ಷವೇ ನನ್ನ ಮೊದಲ ಹೆರಿಗೆ ಅವರ ಕೈಯಲ್ಲಾಯಿತು. ದಿನ ತುಂಬಿರಲಿಲ್ಲ. ಎರಡು ದಿನ ಬೇನೆ ತಿಂದು ಕೊನೆಗೆ ಎಚ್ಚರ ತಪ್ಪಿದ್ದೆ. ಕಣ್ಣು ಬಿಟ್ಟಾಗ ನರ್ಸಬಾಯಿ ನನ್ನ ಹಣೆಯ ಮೇಲೆ ಕೈಯಿಟ್ಟು ಕುಳಿತಿದ್ದರು. "ಹೆಣ್ಣು ಕೂಸು ಇತ್ತವಾ. ಹೊಟ್ಟ್ಯಾಗ ಇದ್ದಾಗನ ಹೋಗಿಬಿಟ್ಟಿತ್ತು" ಎಂದರು. ಅಷ್ಟರಲ್ಲಿ ನನ್ನವರು ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು ಒಯ್ದು ಮಣ್ಣು ಮಾಡಿ ಬಂದಿದ್ದರು. ಅವರೂ ಬಟ್ಟೆ ಸರಿಸಿ ನೋಡಿರಲಿಲ್ಲ. ಧೈರ್ಯ ಸಾಲಲಿಲ್ಲವಂತೆ…

ಆಮೇಲೆ ಎರಡು ತಿಂಗಳು ನಾನು ಹೊಸ್ತಿಲು ದಾಟಲಿಲ್ಲ. ಒಂದು ಮಧ್ಯಾಹ್ನ ನರ್ಸಬಾಯಿ ಮನೆಯ ಬಾಗಿಲಿಗೇ ಬಂದರು.

"ಓದಾಕ ಬರ್ತದಲ್ಲ ನಿನಗ? ಮತ್ತ ಗ್ವಾಡಿ ನೋಡ್ಕೋತ ಯಾಕ ಕುಂತಿ? ಬಾ, ನಾ ಓದತೇನಿ, ನೀ ಕೇಳು."

ಹೀಗೆ ನಾನು ದವಾಖಾನೆಯ ಕಟ್ಟೆ ಸೇರಿದೆ. ರೋಗಿಗಳು ಕರಗಿದ ಮೇಲೆ, ಮೂರು ಗಂಟೆಯಿಂದ ಐದರವರೆಗೆ ಅಲ್ಲಿ ಓದು ನಡೆಯುತ್ತಿತ್ತು. ಕೇಳುವವರಲ್ಲಿ ಖಾಯಂ ಇದ್ದವರು ನನ್ನನ್ನು ಬಿಟ್ಟರೆ ಇಬ್ಬರು. ಒಬ್ಬರು ಬಸ್ ನಿಲ್ಲುವ ಜಾಗದಲ್ಲಿ ಚುರುಮುರಿ ಮಾರುತ್ತಿದ್ದ ಅಜ್ಜಿ. ಇನ್ನೊಬ್ಬಳು ಕೋಗಿಲಬನದ ಆಚೆಯಿಂದ ಕಟ್ಟಿಗೆ ಹೊರೆ ತರುತ್ತಿದ್ದ ಸಿದ್ದಿ ಹೆಣ್ಣುಮಗಳು. ನನಗಿಂತ ಹತ್ತು ವರ್ಷ ದೊಡ್ಡವಳಿದ್ದಳು, ನಾನು ಅಕ್ಕ ಎನ್ನುತ್ತಿದ್ದೆ. ಹೊರೆ ಮಾರಿದ ಮೇಲೆ ತಲೆಯ ಮೇಲಿನ ಬಟ್ಟೆಯ ಸಿಂಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಂಬಕ್ಕೆ ಒರಗಿ, ಓದುವವರ ಮುಖದಿಂದ ಕಣ್ಣು ಕೀಳದೆ ಕೇಳುತ್ತಿದ್ದಳು.

ನನಗೆ ನೆನಪಾದ ಆ ದಪ್ಪ ಪುಸ್ತಕ ಮೂರು ಭಾಗಗಳದ್ದು. ಅದರ ನಿಜವಾದ ಹೆಸರು ಮರೆತುಹೋಗಿದೆ. ನಾವು 'ಕತ್ತಲಕೋಟಿ ಪುಸ್ತಕ' ಎನ್ನುತ್ತಿದ್ದೆವು. ಸೂರ್ಯನೇ ಕಾಣದ ಕಾಡಿನ ನಡುವೆ ಒಂದು ಕೋಟೆ, ಸುತ್ತ ಕಪ್ಪು ನೀರು. ಅಲ್ಲಿರುವ ಮಾಂತ್ರಿಕ ಊರೂರಿನ ಮಕ್ಕಳನ್ನು ಕದ್ದೊಯ್ದು, ಅವರ ನೆರಳನ್ನು ಹೊಸೆದು ಬತ್ತಿ ಮಾಡಿ ದೀಪ ಉರಿಸುತ್ತಾನೆ. ನೆರಳು ಉರಿದು ತೀರಿದ ಮಗು ಇಲ್ಲವಾಗುತ್ತದೆ. ಒಬ್ಬ ಕುಂಬಾರಗಿತ್ತಿ ತನ್ನ ಮಗನನ್ನು ಹುಡುಕಿಕೊಂಡು ಹೊರಡುತ್ತಾಳೆ. ಮಾಂತ್ರಿಕನ ಮಾತು ಬಂದಾಗ ನರ್ಸಬಾಯಿ ಆಕಳಿಸುತ್ತ ಓದುವರು. ಅವನಿಗೆ ಯಾರ ಮೇಲೂ ಸಿಟ್ಟಿಲ್ಲ, ಬರೀ ಬೇಸರ ಎನ್ನುವಂತೆ. ಸಿಟ್ಟಿನ ದನಿಗಿಂತ ಅದೇ ಹೆಚ್ಚು ಹೆದರಿಕೆ ತರುತ್ತಿತ್ತು. ನಮಗೆಲ್ಲ ಆ ಕಪ್ಪು ನೀರು ಕಾಳಿ ಹೊಳೆಯೇ. ಕೋಟೆ ಇರುವುದು ಸೂಪಾದ ಕಡೆಗೆ, ದಟ್ಟ ಕಾಡಿನಲ್ಲಿ, ಎಂದು ಅಜ್ಜಿ ಖಚಿತವಾಗಿ ಹೇಳುತ್ತಿದ್ದರು.

ಎರಡನೆಯ ಭಾಗದ ಕೊನೆಯಲ್ಲಿ ಕುಂಬಾರಗಿತ್ತಿ ತನ್ನ ಸ್ವಂತ ನೆರಳನ್ನು ಕೊಟ್ಟು ಕೋಟೆಯ ಬಾಗಿಲು ತೆಗೆಸುತ್ತಾಳೆ. ಅಲ್ಲಿಗೆ ಪುಸ್ತಕ ನಿಂತಿತು. ಮೂರನೆಯದು ಬರಲು ಒಂದೂವರೆ ವರ್ಷ ಹಿಡಿಯಿತು. ಆ ಒಂದೂವರೆ ವರ್ಷ ನಾವು ಬೇರೆ ಪುಸ್ತಕ ಓದಿದೆವು, ಆದರೆ ಮಾತು ಮಾತ್ರ ಅದರದ್ದೇ. ಮಗನನ್ನು ಕರೆದುಕೊಂಡೇ ಬರುತ್ತಾಳೆ ಎಂದು ಅಜ್ಜಿ. ಕಟ್ಟಿಗೆಯ ಅಕ್ಕ ತಲೆ ಅಲ್ಲಾಡಿಸುವಳು. "ನೆರಳ ಕೊಟ್ಟು ಒಳಗ ಹೋದಾಕಿ, ಹೊಳ್ಳಿ ಬಂದರೂ ಮೊದಲಿನಂಗ ಇರತಾಳೇನು?" ನಾನು ಮಾತ್ರ ಮಗ ಸಿಗಬೇಕು ಎಂದು ಒಳಗೊಳಗೇ ಹಟ ಹಿಡಿದಿದ್ದೆ.

ಮೂರನೆಯ ಭಾಗ ಧಾರವಾಡದಿಂದ ಬಸ್ಸಿನಲ್ಲಿ ಬಂದಾಗ ನನಗೆ ಮತ್ತೆ ಏಳು ತಿಂಗಳು. ನರ್ಸಬಾಯಿ ಪಾರ್ಸಲ್ಲು ಬಿಚ್ಚಿ, ಇಡೀ ಪುಸ್ತಕವನ್ನು ಮೊದಲು ತಾವೊಬ್ಬರೇ ಓದಿದರು. ಹಿಂದೆಂದೂ ಹಾಗೆ ಮಾಡಿರಲಿಲ್ಲ. ಆಮೇಲೆ ನಾಲ್ಕು ದಿನ ಏನೇನೋ ಕೆಲಸದ ನೆಪ ಹೇಳಿ ಓದನ್ನು ಮುಂದೂಡಿದರು. ಕೊನೆಗೆ ಅಜ್ಜಿ ಗದರಿಸಿದ ಮೇಲೆ ಶುರು ಮಾಡಿದರು. ಹತ್ತು ಮಧ್ಯಾಹ್ನ ಓದು ನಡೆಯಿತು. ಕಡೆಯ ದಿನ ಕುಂಬಾರಗಿತ್ತಿ ದೀಪಗಳನ್ನೆಲ್ಲ ಒಡೆದಳು, ಮಕ್ಕಳಿಗೆಲ್ಲ ನೆರಳು ಮರಳಿತು, ಮಗ ಓಡಿ ಬಂದು ಸೆರಗು ಹಿಡಿದ, ಇಬ್ಬರೂ ಊರಿಗೆ ಹೋದರು, ಒಲೆ ಹೊತ್ತಿಸಿದರು. ಅಜ್ಜಿ ಕಣ್ಣೊರೆಸಿಕೊಂಡು ಎಲ್ಲರಿಗೂ ಬೊಗಸೆ ತುಂಬ ಚುರುಮುರಿ ಹಂಚಿದರು. ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಎಷ್ಟೋ ದಿನಗಳ ಮೇಲೆ ಮನಸಾರೆ ನಕ್ಕೆ.

ಹೊರಗೆ ಬರುವಾಗ ಕಟ್ಟಿಗೆಯ ಅಕ್ಕ ನನ್ನ ಜೊತೆ ನಾಲ್ಕು ಹೆಜ್ಜೆ ಬಂದಳು. "ತಂಗಿ, ನನಗ ಅಕ್ಷರ ಬರೂದಿಲ್ಲ. ಖರೇ, ಕಡೀಕ ಬಾಯಾರು ಒಂದು ಹಾಳೀನೂ ತಿರವಲಿಲ್ಲ. ಅಷ್ಟೆಲ್ಲಾ ಮಾತು ಒಂದ ಹಾಳ್ಯಾಗ ಹೆಂಗ ಹಿಡಸ್ತೈತಿ?"

ಮರುದಿನ ಪುಸ್ತಕ ಕೇಳಿದೆ. ಯಾರಿಗೋ ಕೊಟ್ಟಿದ್ದೇನೆ ಎಂದರು. ಮೂರನೆಯ ದಿನ ಅವರು ಬಾಣಂತಿಯೊಬ್ಬಳನ್ನು ನೋಡಲು ಹೋಗಿದ್ದಾಗ ಅವರ ಕೋಣೆಗೆ ಹೋದೆ. ಪುಸ್ತಕ ಕಿಟಕಿಯಲ್ಲೇ ಇತ್ತು. ಅಲ್ಲೇ ಬೆಂಚಿನ ಮೇಲೆ ಕುಳಿತು ಕೊನೆಯ ಅಧ್ಯಾಯ ಓದಿದೆ.

ಮಗ ಸಿಗುತ್ತಾನೆ. ಆದರೆ ಅವನ ನೆರಳು ಹೆಚ್ಚುಕಡಿಮೆ ಉರಿದು ಹೋಗಿರುತ್ತದೆ. ಒಂದು ಬತ್ತಿಯ ತುಂಡಷ್ಟೇ ಉಳಿದಿದೆ. ಅದು ಉರಿಯುವವರೆಗೆ ತಾಯಿ ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿರುತ್ತಾಳೆ. ಬತ್ತಿ ಆರುತ್ತದೆ. ಅವಳು ಏಳುತ್ತಾಳೆ. ಉಳಿದವರ ಮಕ್ಕಳನ್ನು ಕರೆದುಕೊಂಡು ಊರಿಗೆ ನಡೆಯುತ್ತಾಳೆ… ಅಷ್ಟೇ.

ನರ್ಸಬಾಯಿ ಬಂದು ಬಾಗಿಲಲ್ಲಿ ನಿಂತದ್ದು ನನಗೆ ತಿಳಿಯಲಿಲ್ಲ. ತಲೆಯೆತ್ತಿದಾಗ ಅವರ ಕೈಯಲ್ಲಿ ಚೀಲ ಹಾಗೇ ಇತ್ತು.

"ಯಾಕ ಸುಳ್ಳ ಓದಿದ್ರಿ?" ಎಂದೆ.

"ನಿನ್ನ ಹೊಟ್ಟಿ ನೋಡಿದೆ. ನಾಲಿಗಿ ಏಳಲಿಲ್ಲ."

ಸಿಟ್ಟಿಗಿಂತ ಹೆಚ್ಚಾಗಿ ಬೇರೇನೋ ಉಕ್ಕಿ ಬಂತು ನನಗೆ. "ಆಕಿಗೆ ಒಂದು ಬತ್ತಿ ಉರಿಯೂ ತನಕಾನಾದರೂ ಮಗ ಸಿಕ್ಕ, ಬಾಯಾರ. ಇದರಾಗ ಮುಚ್ಚಿಡೂದು ಏನಿತ್ತು? ನನಗ ಅಷ್ಟೂ ಸಿಗಲಿಲ್ಲಲ್ಲ" ಎಂದೆ.

ನರ್ಸಬಾಯಿ ಚೀಲವನ್ನು ನೆಲಕ್ಕಿಟ್ಟರು. ನನ್ನ ಎದುರಿನ ಮಂಚದ ಅಂಚಿನಲ್ಲಿ ಕುಳಿತು ಚಾಳೀಸು ತೆಗೆದರು.

"ಅದು ಹೊಟ್ಟ್ಯಾಗ ಹೋಗಿರಲಿಲ್ಲವಾ," ಎಂದರು ಕೊನೆಗೆ. "ಹುಟ್ಟಿ ಕಾಲ್ ತಾಸು ಇತ್ತು, ನನ್ನ ತೊಡಿ ಮ್ಯಾಲ. ನೀ ಉಳೀತೀಯೋ ಇಲ್ಲೋ ಅನ್ನೂಹಂಗ ಬಿದ್ದಿದ್ದಿ. ಎಚ್ಚರಾದ ಕೂಡಲೆ ಇದನ್ನ ಹೇಳಿದ್ರ ತಡಕೊಳ್ಳೂದಿಲ್ಲ ಅಂತ ತಿಳದೆ. ಆಮ್ಯಾಲ ಹೇಳೂಣು, ಆಮ್ಯಾಲ ಹೇಳೂಣು ಅನಕೋತ… ಹೇಳೂದು ಇನ್ನೂ ಕಠಿಣ ಆತು."

ನಾನು ಎದ್ದು ಮನೆಗೆ ಬಂದೆ. ಅಂದಿನಿಂದ ಎದುರಿನ ದವಾಖಾನೆಯ ಕಡೆಗೆ ಮುಖ ಹಾಕಲಿಲ್ಲ. ತವರಿಗೆ ಹೋಗಿ ಅಲ್ಲೇ ಹೆರುತ್ತೇನೆ ಎಂದು ನನ್ನವರಿಗೆ ಹೇಳಿದೆ. ಕಾರಣ ಹೇಳಲಿಲ್ಲ. ಅವರಿಗೆ ಇದನ್ನು ಹೇಗೆ ಹೇಳುವುದೋ ನನಗೂ ತಿಳಿಯಲಿಲ್ಲ. ಆಗ ಗೊತ್ತಾಯಿತು, ಹೇಳುವುದು ಕಠಿಣ ಎಂದರೆ ಏನೆಂದು.

ಮೂರು ವಾರ ಕಳೆದಿರಬೇಕು. ಕಟ್ಟಿಗೆಯ ಅಕ್ಕ ಹಿತ್ತಲಲ್ಲಿ ಹೊರೆ ಇಳಿಸಿ, ನೀರು ಕುಡಿದು, ಕಟ್ಟೆಯ ಓದು ನಿಂತಿದೆ ಎಂದಳು. ಬಾಯಾರದು ಯಾರ ಜೊತೆಗೂ ಮಾತಿಲ್ಲ, ಬೈಗುಳವೂ ಇಲ್ಲ. ನಾನು ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಮೊದಲು ಪುಸ್ತಕದ ನಿಜವಾದ ಕೊನೆ, ಆಮೇಲೆ ನನ್ನದು.

ಅವಳು ಸಿಂಬಿ ಬಿಚ್ಚಿ, ಕೊಡವಿ, ಮತ್ತೆ ಸುತ್ತಿದಳು. "ಪುಸ್ತಕ ಬರದಾಂವ ತಿಳದಾಂವ ಇದ್ದಾನ. ಹಂಗಽ ಆಗೂದು" ಎಂದಳು. ಆಮೇಲೆ, "ಕಾಲ್ ತಾಸು ಯಾರ ಕಡೆ ಇತ್ತು ಕೂಸು?" ಎಂದು ಕೇಳಿದಳು.

"ಬಾಯಾರ ತೊಡಿ ಮ್ಯಾಲ ಇತ್ತಂತ."

"ಹಂಗಾರ ನೆಲದ ಮ್ಯಾಲ ಹೋಗಲಿಲ್ಲ ಅದು. ನನ್ನವು ಎರಡು ಹೋದವು ತಂಗಿ, ಕಾಡ ದಾರ್ಯಾಗ. ಹಿಡಕೊಳ್ಳಾಕ ಯಾರೂ ಇದ್ದಿಲ್ಲ." ಅಷ್ಟು ಹೇಳಿ ಹೊರಟುಹೋದಳು.

ಆ ಮಧ್ಯಾಹ್ನವೇ ದವಾಖಾನೆಗೆ ಹೋದೆ. ನರ್ಸಬಾಯಿ ಪಟ್ಟಿ ಬಟ್ಟೆ ಮಡಚುತ್ತಿದ್ದರು. ಎದ್ದು ನಿಂತರು. ನಾನು ಕೇಳಿದ್ದು ಒಂದೇ ಮಾತು.

"ಹೆಂಗಿತ್ತು ಬಾಯಾರ?"

ಅವರು ಬಟ್ಟೆ ಕೆಳಗಿಟ್ಟು ಹೇಳತೊಡಗಿದರು. ತಲೆ ತುಂಬ ಕೂದಲಿತ್ತು, ಹಿಂದೆ ಕತ್ತಿನವರೆಗೂ ಇಳಿದಿತ್ತು. ಎಡಗಿವಿಯ ಅಂಚು ಎಲೆಯಂತೆ ಮಡಚಿತ್ತು. ಬಲಗೈಯಿಂದ ಅವರ ಬೆರಳು ಹಿಡಿದುಕೊಂಡಿತ್ತು. ಒಮ್ಮೆ ಸೀನಿತು. "ಸೀನಿ ತನಗ ತಾನ ಗಾಬರಿ ಆತು," ಎಂದು ಹೇಳುತ್ತ ನರ್ಸಬಾಯಿ ನಕ್ಕರು, ಮತ್ತು ನಗುತ್ತಿದ್ದಂತೆಯೇ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನ್ನ ಮಗಳು ಸೀನಿದ್ದಳು… ಅಷ್ಟು ದಿನ ನಾನು ಅತ್ತದ್ದು ಮುಖವಿಲ್ಲದ ಒಂದು ಬಿಳಿ ಬಟ್ಟೆಗೆ. ಆ ದಿನ ನನಗೆ ಮಗಳು ಸಿಕ್ಕಳು.

ಸಂಜೆ ಮನೆಗೆ ಬಂದು ನನ್ನವರಿಗೂ ಹೇಳಿದೆ. ಅವರು ಕೇಳಿಸಿಕೊಂಡು ಅಂಗಳಕ್ಕೆ ಹೋದರು. ಒಳಗೆ ಬಂದ ಮೇಲೆ ಕಿವಿಯ ಮಾತನ್ನು ಇನ್ನೊಮ್ಮೆ ಹೇಳು ಎಂದರು.

ಮರುದಿನ ಕಟ್ಟೆಯ ಮೇಲೆ ನಾನೇ ಪುಸ್ತಕ ಹಿಡಿದೆ. ನರ್ಸಬಾಯಿ ಕೇಳುವವರ ಸಾಲಿನಲ್ಲಿ, ಅಕ್ಕನ ಪಕ್ಕ ಕುಳಿತರು. ಕೊನೆಯ ಅಧ್ಯಾಯವನ್ನು ಒಂದಕ್ಷರ ಬಿಡದೆ ಓದಿದೆ. ಅಜ್ಜಿಗೆ ವಿಪರೀತ ಸಿಟ್ಟು ಬಂತು. "ಮೂರು ಪುಸ್ತಕ ಆಕೀನ್ನ ಅಡ್ಡಾಡಿಸಿ, ಕಡೀಕ ಹಿಂಗ ಮಾಡೂದೇನು? ಬರದಾವಂಗ ಮಕ್ಕಳಿಲ್ಲ ಕಾಣಸ್ತೈತಿ" ಎಂದರು. ಅಷ್ಟಕ್ಕೇ ಬಿಡಲಿಲ್ಲ, ಬರೆದವನಿಗೆ ಕಾಗದ ಹಾಕು ಎಂದು ಕುಳಿತರು. ಬರೆಯಲೇಬೇಕಾಯಿತು. ಅಜ್ಜಿಯ ಬೈಗುಳವನ್ನು ಸ್ವಲ್ಪ ಮೆತ್ತಗೆ ಮಾಡಿ ಬರೆದೆ. ಕೊನೆಯಲ್ಲಿ ನರ್ಸಬಾಯಿ ಒಂದು ಸಾಲು ಸೇರಿಸಿದರು: ನಿಮ್ಮ ಕೊನೆಯನ್ನು ನಾನು ಬದಲಿಸಿ ಓದಿದ್ದೆ, ತಪ್ಪಾಯಿತು, ನಿಮ್ಮದೇ ಸರಿ. ಉತ್ತರ ಬರಲಿಲ್ಲ. ಅಜ್ಜಿ ಮಾತ್ರ ಬದುಕಿರುವವರೆಗೂ ಮೊಮ್ಮಕ್ಕಳಿಗೆ ನರ್ಸಬಾಯಿಯವರ ಕೊನೆಯನ್ನೇ ಹೇಳುತ್ತಿದ್ದರು.

ನಾನು ತವರಿಗೆ ಹೋಗಲಿಲ್ಲ. ಎರಡನೆಯ ಮಗಳು ದಾಂಡೇಲಿಯಲ್ಲೇ ಹುಟ್ಟಿದಳು, ಅವರ ಕೈಯಲ್ಲೇ. ತೊಳೆಯುವ ಮುಂಚೆಯೇ, ಹಸಿಹಸಿ ಕೂಸನ್ನು ಅವರು ನನ್ನ ಎದೆಯ ಮೇಲೆ ಹಾಕಿದರು. "ತಗೋ. ಮೊದಲ ನೀ ನೋಡು," ಎಂದರು.

ನಾಲ್ಕೈದು ವರ್ಷದ ಮೇಲೆ ಅವರಿಗೆ ಸೂಪಾಕ್ಕೆ ವರ್ಗವಾಯಿತು. ನಾವು ಮುಂಡಗೋಡಕ್ಕೆ ಹೋದೆವು. ವರ್ಷಕ್ಕೆ ಒಂದೆರಡು ಕಾಗದ ಬರುತ್ತಿದ್ದವು. ಏನು ಓದಿದೆ, ಯಾರ ಮನೆಯಲ್ಲಿ ಏನು ಹುಟ್ಟಿತು ಎಂಬ ಸುದ್ದಿ. ಮೊದಲ ಮಗಳು ಹುಟ್ಟಿದ ತಿಂಗಳಿನ ಕಾಗದದಲ್ಲಿ ಅವಳ ಮಾತು ತಪ್ಪದೆ ಇರುತ್ತಿತ್ತು. ಈಗ ಇದ್ದಿದ್ದರೆ ಇಷ್ಟು ಎತ್ತರ ಇರುತ್ತಿದ್ದಳು, ಶಾಲೆಗೆ ಸೇರಿಸಬೇಕಾಗಿತ್ತು, ಹೀಗೆ. ಆಮೇಲೆ ಕಾಗದ ಕಡಿಮೆಯಾದವು. ಸೂಪಾಕ್ಕೆ ಅಣೆಕಟ್ಟು ಬರುವ ಮಾತು ಶುರುವಾಗುವ ಹೊತ್ತಿಗೆ ಅವರು ಕಾರವಾರದ ತಮ್ಮನ ಮನೆ ಸೇರಿದ್ದರು. ಅಲ್ಲಿಗೆ ಬರೆದ ಕಾಗದಕ್ಕೆ ತಮ್ಮನ ಮಗ ಉತ್ತರ ಬರೆದ. ಅತ್ತೆ ಹೋಗಿ ಎಂಟು ತಿಂಗಳಾಯಿತು, ನಿಮ್ಮ ವಿಳಾಸ ಸಿಕ್ಕಿರಲಿಲ್ಲ, ಎಂದು.

ನನ್ನವರೂ ಈಗಿಲ್ಲ. ಮಕ್ಕಳು ಚೆನ್ನಾಗಿದ್ದಾರೆ, ನನ್ನನ್ನೂ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಅವರಿಗೆ ಅಕ್ಕನೊಬ್ಬಳಿದ್ದಳು ಎಂಬುದು ಗೊತ್ತು. ಕೇಳಿ ತಿಳಿದದ್ದು, ನನ್ನ ಹಾಗೆಯೇ. ಅವಳು ಸೀನಿದ್ದನ್ನು ಕಣ್ಣಾರೆ ಕಂಡವರು ನರ್ಸಬಾಯಿ ಒಬ್ಬರೇ. ಕೆಲವು ದಿನ ಆ ಮಾತನ್ನು ಇನ್ನೊಂದು ಸಲ ಕೇಳಬೇಕು ಅನಿಸುತ್ತದೆ… ಹೇಳುವವರು ಇಲ್ಲ.