ಗಾಡಿ ಇಳಿಸಿಕೊಡಿ ಅಂದ ಅಕ್ಕ

ಮೊನ್ನೆ ಬ್ಯಾಂಕಿನವರೊಬ್ಬರು ಹೊಚ್ಚ ಹೊಸ ಬೈಕನ್ನು ನನ್ನ ಅಂಗಡಿ ಮುಂದೆ ನಿಲ್ಲಿಸಿ, ಕುದುರೆಯಿಂದ ಇಳಿದ ಹಾಗೆ ಕಷ್ಟಪಟ್ಟು ಇಳಿದು, "ಒಸಿ ಇಳ್ಸಿಕೊಡಿ, ಕಾಲು ಎಟುಕಕಿಲ್ಲ" ಅಂದರು. ಸೀಟು ಬಿಚ್ಚಿದೆ. ರೆಕ್ಸಿನ್ ಕಿತ್ತು ಸ್ಪಂಜಿಗೆ ಚಾಕು ಇಟ್ಟೆ. ಕುಯ್ದ ಸ್ಪಂಜು, ಅದನ್ನು ಅಂಟಿಸಿದ್ದ ಸಲ್ಯೂಷನ್, ಎರಡೂ ಸೇರಿ ಒಂದು ವಾಸನೆ ಎದ್ದಿತು. ದಿನಾ ಅದೇ ವಾಸನೆಯಲ್ಲಿ ಬದುಕಿ ನನ್ನ ಮೂಗು ಯಾವತ್ತೋ ಸತ್ತಿದೆ. ಆದರೆ ಅವರು 'ಇಳ್ಸಿಕೊಡಿ' ಅಂದದ್ದಕ್ಕೋ ಏನೋ, ಅವತ್ತು ಕೈ ನಿಂತುಬಿಟ್ಟಿತು. ಕೈಲಾಂಚದಕ್ಕ ನೆನಪಾದಳು.

ಅವಳು ನನಗೆ ಅಕ್ಕನೂ ಅಲ್ಲ, ವಯಸ್ಸಿನಲ್ಲಿ ದೊಡ್ಡವಳೂ ಅಲ್ಲ. ಅಂಗಡಿಗೆ ಬಂದ ಹೆಂಗಸರನ್ನೆಲ್ಲ ಅಕ್ಕ ಅನ್ನುವುದು ನಮ್ಮ ರೂಢಿ. ಕೈಲಾಂಚದ ಕಡೆಯಿಂದ ಬರುತ್ತಿದ್ದಳು, ಹಾಗಾಗಿ ಕೈಲಾಂಚದಕ್ಕ. ಅವಳೂ ನನ್ನನ್ನು ಅಣ್ಣ ಅನ್ನುತ್ತಿದ್ದಳು, ಹೆಸರು ಕೇಳಲಿಲ್ಲ.

ಆಗ ಬಿಡದಿಯಲ್ಲಿ ಫ್ಯಾಕ್ಟರಿಗಳು ಅಣಬೆಗಳ ಹಾಗೆ ಏಳುತ್ತಿದ್ದ ಕಾಲ. ರಾಮನಗರದ ಹೈವೇ ಪಕ್ಕದಲ್ಲಿ ನನ್ನದು ಸೀಟು ಹೊಲಿಯುವ ಅಂಗಡಿ, ಪಕ್ಕದಲ್ಲೇ ಒಬ್ಬ ಮೆಕ್ಯಾನಿಕ್. ನಾವಿಬ್ಬರೂ ಬೆಳಿಗ್ಗೆಯಿಂದ ಸಂಜೆವರೆಗೆ ಜಗಳವಾಡಿಕೊಂಡೇ ಸ್ನೇಹಿತರಾಗಿದ್ದವರು. ಶಿಫ್ಟಿಗೆ ಹೋಗುವವರ ಗಾಡಿಗಳಿಂದ ಇಬ್ಬರಿಗೂ ಕೈತುಂಬ ಕೆಲಸ.

ಒಂದು ಶನಿವಾರ ಬೆಳಿಗ್ಗೆ ನಾನು ಅಂಗಡಿಗೆ ಬರುವ ಮೊದಲೇ ಅವಳು ಮೆಕ್ಯಾನಿಕ್ ಹತ್ತಿರ ಒಂದು ಬೈಕು ಬಿಟ್ಟು ಹೋಗಿದ್ದಳಂತೆ. ಯಾರದೋ ಟೆಂಪೋದಲ್ಲಿ ಹಾಕಿಸಿಕೊಂಡು ಬಂದಿದ್ದಳು. ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಗಾಡಿ, ಟ್ಯಾಂಕಿನ ಮೇಲೆಲ್ಲ ಧೂಳು. "ಇಳ್ಸಿಕೊಡಿ ಅಣ್ಣ, ಸೋಮವಾರಕ್ಕೆ ಬೇಕೇ ಬೇಕು" ಅಂತ ಹೇಳಿ ಹೋದಳಂತೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಇಳಿಸುವುದು ಅಂದರೆ ಇಂಜಿನ್ ಇಳಿಸುವುದು, ಬೇರೆ ಅರ್ಥವೇ ಇಲ್ಲ. ನಿಂತು ನಿಂತು ಇಂಜಿನ್ ಹಿಡಿದುಕೊಂಡಿರಬೇಕು ಅಂದುಕೊಂಡು ಇವನು ಮಹಾ ಉತ್ಸಾಹದಲ್ಲಿ ಇಂಜಿನ್ ಇಳಿಸಿ, ಬಿಚ್ಚಿ, ಸೀಮೆಎಣ್ಣೆ ತಟ್ಟೆಯಲ್ಲಿ ತೊಳೆಯುತ್ತ ಕೂತಿದ್ದ.

ಸಂಜೆ ಅವಳು ಬಂದಳು. ಜೊತೆಯಲ್ಲಿ ಪುಟ್ಟ ಮಗಳು. ಆಗ ನೋಡಿದೆ ಅವಳನ್ನು ಮೊದಲ ಸಲ. ಕುಳ್ಳಗೆ, ಗಟ್ಟಿಮುಟ್ಟಾಗಿದ್ದಳು. ಬಿಚ್ಚಿ ಹರಡಿದ ಇಂಜಿನ್ನನ್ನು ಸುಮ್ಮನೆ ನೋಡಿದಳು.

"ಏನಣ್ಣ ಇದು?"

"ನೀನೇ ಇಳ್ಸು ಅಂದ್ಯಲ್ಲವ್ವ."

"ನನ್ ಕಾಲು ನೆಲಕ್ಕೆ ಎಟುಕಕಿಲ್ಲ ಕಣಣ್ಣ. ಗಾಡಿ ತಗ್ಗಿಸ್ಕೊಡಿ ಅಂದೆ. ಇಂಜಿನ್ ಯಾಕಣ್ಣ ಬಿಚ್ಚಿದ್ರಿ?"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮೆಕ್ಯಾನಿಕ್ ನನಗೆ ಬೈದ. ಅವಳು ನಗಲಿಲ್ಲ, ಬೈಯಲಿಲ್ಲ, ಕಣ್ಣಲ್ಲಿ ನೀರೂ ಬರಲಿಲ್ಲ. ಆ ಮುಖ ನೋಡಿ ನನ್ನ ನಗು ತಾನಾಗೇ ನಿಂತಿತು.

ಆಮೇಲೆ ಕೇಳಿ ತಿಳಿದದ್ದು. ಗಾಡಿ ಗಂಡನದು. ಆಳೆತ್ತರದ ಮನುಷ್ಯ, ಕಾಮಾಲೆ ಬಂದು ಹೋಗಿಬಿಟ್ಟಿದ್ದ. ಬಿಡದಿಯ ಒಂದು ಕಂಪನಿಯಲ್ಲಿ ಇವಳನ್ನು ಕೆಲಸಕ್ಕೆ ತಗೊಂಡಿದ್ದರು, ಬೆಳಿಗ್ಗೆ ಆರು ಗಂಟೆ ಶಿಫ್ಟು. ಆ ಹೊತ್ತಿಗೆ ಅವರ ಊರಿಂದ ಬಸ್ಸಿಲ್ಲ. ಮೊದಲ ದಿನವೇ ತಡವಾದರೆ ಗೇಟಿನಲ್ಲಿ ನಿಂತ ಇನ್ನೊಬ್ಬಳಿಗೆ ಆ ಕೆಲಸ. ಕೆಲಸ ಹೋದರೆ ಮಗಳನ್ನು ಸ್ಕೂಲು ಬಿಡಿಸಿಕೊಂಡು ಅಕ್ಕೂರಿನ ಅಣ್ಣನ ಮನೆ ಸೇರಬೇಕು. ಅಲ್ಲಿ ರೇಷ್ಮೆ ಹುಳುವಿನ ಮನೆಯಲ್ಲಿ ಹುಳುಗಳಿಗೆ ಸೊಪ್ಪು ಹಾಕಿಕೊಂಡು ತಾಯಿ ಮಗಳು ಇಬ್ಬರೂ ಬಿದ್ದಿರಬೇಕು.

"ನಮ್ಮತ್ತೆ ಬ್ಯಾರೆ, ನಿನ್ ಕೈಲಿ ಆಗಾಕಿಲ್ಲ, ಗಾಡೀನ ಮೈದುನ ತಗೊಂಡ್ ಹೋಗ್ಲಿ ಅಂತವ್ರೆ" ಅಂದಳು. ಯಾರದೋ ಮನೆಯ ಸುದ್ದಿ ಹೇಳುವ ಹಾಗೆ ಹೇಳಿದಳು.

"ಓಡ್ಸಕ್ಕೆ ಬತ್ತದಾ ತಾಯಿ?" ಅಂತ ಕೇಳಿದೆ.

"ಬತ್ತದೆ. ಕೆರೆ ಅಂಗಳದಲ್ಲಿ ಅವ್ರೇ ಕಲ್ಸಿದ್ರು. ನಿಲ್ಲಿಸ್ವಾಗ ಅವ್ರು ಹಿಂದಿನಿಂದ ಹಿಡ್ಕೋಳೋರು. ಈಗ ಹಿಡ್ಕೊಳ್ಳೋರಿಲ್ವಲ್ಲ, ಕಾಲೇ ಎಟುಕ್ಬೇಕು."

ಮೆಕ್ಯಾನಿಕ್ ತಲೆ ಕೆರೆದುಕೊಂಡು, ಇಂಜಿನ್ ಜೋಡಿಸೋಕೇ ನಾಳೆ ಇಡೀ ದಿನ ಬೇಕು, ನಾಳೆ ನೋಡಿದರೆ ಅಮಾವಾಸ್ಯೆ ಅಂದ. ಅಮಾವಾಸ್ಯೆ ದಿನ ಅವನು ಸ್ಪ್ಯಾನರ್ ಮುಟ್ಟುವವನಲ್ಲ. ಅಂಗಡಿಗೆ ನೀರು ಹಾಕಿ, ಬಾಗಿಲಿಗೆ ನಿಂಬೆಹಣ್ಣು ಕಟ್ಟಿ, ಪೂಜೆ ಮಾಡಿ, ಬೀಗ ಹಾಕಿ ಹೋಗುವವನು. ಹಿಂದೊಂದು ಸಲ ಅಮಾವಾಸ್ಯೆ ದಿನ ಕೆಲಸ ಮಾಡಿ ಬೆರಳು ಜಜ್ಜಿಕೊಂಡಿದ್ದನಂತೆ. ಆ ಬೆರಳನ್ನು ಊರಿಗೆಲ್ಲ ತೋರಿಸಿಕೊಂಡು ತಿರುಗುತ್ತಿದ್ದ. ಅವಳಿಗೂ ತೋರಿಸಿದ. ಅವಳು ಬೆರಳನ್ನು ನೋಡಿ, ಮಗಳ ಕೈ ಹಿಡಿದುಕೊಂಡು ಹೊರಟುಹೋದಳು.

ಭಾನುವಾರ ಬೆಳಿಗ್ಗೆ ಅವನು ಪೂಜೆಗೆ ಬರುವಷ್ಟರಲ್ಲಿ ತಾಯಿ ಮಗಳು ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತಿದ್ದರು. ಬೇಡಿಕೊಳ್ಳಲಿಲ್ಲ, ಅಣ್ಣ ಅಪ್ಪ ಅನ್ನಲಿಲ್ಲ. ಸುಮ್ಮನೆ ಕೂತಿದ್ದಳು. ಮಗಳು ಎದುರು ಸಾಲಿನ ಅಂಗಡಿಗಳ ಬೋರ್ಡುಗಳನ್ನು ಅಕ್ಷರ ಕೂಡಿಸಿಕೊಂಡು ಜೋರಾಗಿ ಓದುತ್ತಿದ್ದಳು. ಇವನು ನೀರು ಹಾಕಿದ, ಊದುಬತ್ತಿ ಹಚ್ಚಿದ, ಕಾಯಿ ಒಡೆದ. ಅವಳಿಗೂ ಒಂದು ಚೂರು ಕೊಟ್ಟ. ಅವಳು ಅದನ್ನು ಮಗಳಿಗೆ ಕೊಟ್ಟು ಮತ್ತೆ ಅಲ್ಲೇ ಕೂತಳು. ಬೀಗ ಕೈಯಲ್ಲಿ ಹಿಡಿದುಕೊಂಡು ಇವನು ಒಂದೆರಡು ಸಲ ಅತ್ತ ಇತ್ತ ಓಡಾಡಿದ.

"ಥತ್, ಏಳವ್ವ ಮೇಲೆ. ಮಾಡ್ಕೊಡ್ತೀನಿ" ಅಂದ ಕೊನೆಗೆ. "ಲೇ, ನೀನೇನ್ಲಾ ನೋಡ್ತಾ ನಿಂತಿದ್ದೀಯ? ಸೀಟು ಕುಯ್ಯಿ ಹೋಗು."

ನಾನು ಸೀಟು ಬಿಚ್ಚಿದೆ. ಸ್ಪಂಜು ಎರಡು ಕಡೆ ತಗ್ಗಾಗಿತ್ತು. ಮುಂದೆ ದೊಡ್ಡದು, ಗಂಡ ಕೂತ ಜಾಗ. ಹಿಂದೆ ಒಂದು ಚಿಕ್ಕದು, ಒಂದೇ ಪಕ್ಕಕ್ಕೆ ತಗ್ಗಿದ್ದು. ಅದು ಇವಳು ಒಂದು ಕಡೆಗೆ ಕಾಲು ಇಳಿಬಿಟ್ಟು ಕೂರುತ್ತಿದ್ದ ಜಾಗ. ಚಾಕು ಹಿಡಿದು ಅವಳ ಕಡೆ ನೋಡಿದೆ.

"ಕುಯ್ಯಣ್ಣ" ಅಂದಳು.

ಮುಂದಿನದನ್ನು ಕುಯ್ದೆ. ಬರೀ ತಗ್ಗಿಸಿದರೆ ಸಾಲದು, ಎರಡೂ ಪಕ್ಕ ಸವರಿ ಸಣ್ಣಗೆ ಮಾಡಬೇಕು, ಆಗಲೇ ತೊಡೆ ಅಗಲವಾಗದೆ ಕಾಲು ನೇರ ಕೆಳಗೆ ಬರುವುದು. ಸ್ಪಂಜಿನ ಚೂರು ನೆಲಕ್ಕೆ ಬೀಳುತ್ತಿದ್ದದ್ದನ್ನು ಅವಳು ನೋಡುತ್ತ ನಿಂತಿದ್ದಳು. ಅವಳ ಮುಖದಲ್ಲಿ ಏನೂ ಇಲ್ಲ. ಯಾರದೋ ಗಾಡಿ, ಯಾರದೋ ಸೀಟು... ಗೋಡೆ ಕೂಡ ಅಷ್ಟು ಸುಮ್ಮನಿರುವುದಿಲ್ಲ ಅನ್ನಿಸಿತು.

ಸಂಜೆಯಾಗುವ ಹೊತ್ತಿಗೆ ಮೆಕ್ಯಾನಿಕ್ ಇಂಜಿನ್ ಕೂರಿಸಿ, ಹಿಂದಕ್ಕೆ ಬೇರೊಂದು ಗಾಡಿಯ ಗಿಡ್ಡ ಶಾಕ್ ಅಬ್ಸಾರ್ಬರ್ ಹಾಕಿ, ಮುಂದಿನ ಚಕ್ರದ ಫೋರ್ಕನ್ನು ಸಡಿಲಿಸಿ ಮೇಲಕ್ಕೆ ಸರಿಸಿ ಮುಂಭಾಗವನ್ನೂ ತಗ್ಗಿಸಿದ್ದ. ಅವಳು ಹತ್ತಿ ಕೂತಳು. ಕಾಲಿನ ಬೆರಳು ಮಾತ್ರ ನೆಲ ಮುಟ್ಟಿತು, ಹಿಮ್ಮಡಿ ಗಾಳಿಯಲ್ಲಿ. ಟೀ ಅಂಗಡಿಯಲ್ಲಿ ನಿಂತಿದ್ದವನೊಬ್ಬ, "ಏಣಿ ಹಾಕ್ಕೋ ಅಕ್ಕೋ" ಅಂದ.

"ತಂದ್ಕೊಡ್ತೀಯಾ?" ಅಂದಳು ಅವಳು, ತಿರುಗಿಯೂ ನೋಡದೆ.

ಅವನು ಟೀ ಲೋಟ ಇಟ್ಟು ಜಾಗ ಖಾಲಿ ಮಾಡಿದ. ನಾನು ಮತ್ತೆ ಸೀಟು ಬಿಚ್ಚಿದೆ. ಇನ್ನೂ ಕುಯ್ದರೆ ತಗಡು ಚುಚ್ಚುತ್ತದೆ ತಾಯಿ ಅಂದರೆ, ಚುಚ್ಚಲಿ ಅಂದಳು. ಕುಯ್ದೆ. ಈ ಸಲ ಎರಡು ಪಾದವೂ ನೆಲಕ್ಕೆ ಕೂತವು. ಅವಳು ಕೆಳಗೆ ಬಗ್ಗಿ ಒಂದು ಪಾದ ನೋಡಿದಳು, ಆಮೇಲೆ ಇನ್ನೊಂದು. ಇಳಿದು ಗಾಡಿಯನ್ನು ಸೈಡ್ ಸ್ಟ್ಯಾಂಡಿಗೆ ಹಾಕಿದ್ದೇ ತಡ, ದಢಾರನೆ ಆಚೆ ಪಕ್ಕಕ್ಕೆ ಬಿತ್ತು. ಗಾಡಿ ತಗ್ಗಿಸಿದ ಮಹಾನುಭಾವ ಸ್ಟ್ಯಾಂಡು ತಗ್ಗಿಸುವುದನ್ನು ಮರೆತಿದ್ದ. "ಅಮಾವಾಸ್ಯೆ ಕಣ್ಲಾ, ನಾನ್ ಹೇಳ್ಲಿಲ್ವಾ?" ಅಂತ ನನ್ನ ಮೇಲೇ ಹಾರಾಡಿ, ಸ್ಟ್ಯಾಂಡು ಕತ್ತರಿಸಿ ವೆಲ್ಡಿಂಗ್ ಮಾಡಿಸಿಕೊಂಡು ಬಂದ.

ಹೊರಡುವಾಗ ಅವಳು ಒಂದೇ ಒಂದು ಮಾತು ಹೆಚ್ಚಿಗೆ ಆಡಿದಳು. ಮಗಳನ್ನು ಹಿಂದೆ ಕೂರಿಸಿಕೊಂಡು, "ಇವ್ಳು ಓದ್ಲಿ ಅಂತ ಅಷ್ಟೇಯ ಅಣ್ಣ. ಕಂಪನಿ ಗೇಟು ನನ್ ಕಾಲಕ್ಕೇ ಸಾಕು" ಅಂದಳು.

ಸೋಮವಾರ ನಸುಕಿನಲ್ಲೇ ನಾನು ಅಂಗಡಿ ಮುಂದೆ ಬಂದರೆ ಮೆಕ್ಯಾನಿಕ್ ಆಗಲೇ ಅಲ್ಲಿದ್ದ, ಬೇವಿನಕಡ್ಡಿ ಅಗಿಯುತ್ತ. ಇಬ್ಬರೂ ಯಾಕೆ ಬಂದೆವು ಅಂತ ಒಬ್ಬರನ್ನೊಬ್ಬರು ಕೇಳಲಿಲ್ಲ. ಅವಳು ಬಂದಳು. ಹೈವೇ ಸೇರುವ ಕಡೆ ಲಾರಿಯೊಂದು ಅಡ್ಡ ಬಂತು, ನಿಲ್ಲಿಸಿದಳು. ಎರಡೂ ಕಾಲು ನೆಲಕ್ಕೆ. ಲಾರಿ ಹೋದ ಮೇಲೆ ಬಿಡದಿ ಕಡೆಗೆ ಹೊರಟುಹೋದಳು. ನಮ್ಮ ಕಡೆ ನೋಡಲೂ ಇಲ್ಲ.

"ಎಟುಕ್ತು ಕಣ್ಲಾ!" ಅಂತ ಮೆಕ್ಯಾನಿಕ್ ಬೇವಿನಕಡ್ಡಿ ಎಸೆದು ನನ್ನ ಬೆನ್ನಿಗೆ ಗುದ್ದಿದ.

ಅಲ್ಲಿಂದ ಮುಂದೆ ಎಷ್ಟೋ ವರ್ಷ. ಆಯುಧಪೂಜೆ ಹತ್ತಿರ ಬಂದಾಗ ಸೀಟಿಗೆ ಹೊಸ ರೆಕ್ಸಿನ್ ಹಾಕಿಸಿಕೊಂಡು ಹೋಗುತ್ತಿದ್ದಳು. ಸ್ಪಂಜು ಹಾಕಿ ಮೆತ್ತಗೆ ಮಾಡ್ತೀನಿ ಅಂದರೆ ಬೇಡ ಅನ್ನುತ್ತಿದ್ದಳು. ಅವಳ ಮಾತು ಹಾಗೇ ಕಡಿಮೆ. ಕೇಳಿದರೆ ಮಗಳ ಸುದ್ದಿ ಹೇಳುತ್ತಿದ್ದಳು. ಹೈಸ್ಕೂಲು, ಆಮೇಲೆ ಪಿಯುಸಿ, ಆಮೇಲೆ ರಾಮನಗರದ ಕಾಲೇಜಿನಲ್ಲಿ ಬಿಎಸ್ಸಿ... ಮಗಳು ಕಾಲೇಜು ಸೇರಿದ ವರ್ಷ ಎಲೆಅಡಿಕೆ ಹಾಕಿದ ಬಾಯಲ್ಲಿ ಒಸಿ ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ ಇರಬೇಕು. ಹಲ್ಲು ಚೆನ್ನಾಗಿದ್ದವು.

ಒಂದು ವರ್ಷ ಆಯುಧಪೂಜೆಗೆ ಬರಲಿಲ್ಲ. ಕೆಲಸದ ಗಡಿಬಿಡಿಯಲ್ಲಿ ನಮಗೂ ಅದು ಹೊಳೆಯಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ದಿನ ಆ ಗಾಡಿ ಬಂದು ನಿಂತಿತು. ನಾನೇ ಹೊಲಿದ ಸೀಟು, ದೂರದಿಂದಲೇ ಗುರುತಾಯಿತು. ಓಡಿಸಿಕೊಂಡು ಬಂದದ್ದು ಉದ್ದನೆಯ ಹುಡುಗಿ. ಮಣೆ ಮೇಲೆ ಕೂತ ಹಾಗೆ ಮೊಣಕಾಲು ಎರಡೂ ಮೇಲೆದ್ದು ಹ್ಯಾಂಡಲ್‌ಗೆ ತಾಗುತ್ತಿದ್ದವು.

"ಮಾವ, ಇದನ್ನ ಮುಂಚಿನಂಗೆ ಎತ್ತರ ಮಾಡ್ಕೊಡಿ" ಅಂದಳು. ತಾಯಿಗೆ ನಾನು ಅಣ್ಣ, ಹಾಗಾಗಿ ಅವಳಿಗೆ ಮಾವ.

"ಅಕ್ಕ ಎಲ್ಲವ್ವ?"

"ಅವ್ವ ಹೋಗ್ಬುಟ್ಲು ಮಾವ. ಹೊಟ್ಟೆನೋವು ಅಂತ ಮನೀಕಂಡೋಳು ಏಳ್ನೇ ಇಲ್ಲ."

ತಾಯಿಯದೇ ಧ್ವನಿ. ಯಾರದೋ ಮನೆಯ ಸುದ್ದಿ ಹೇಳುವ ಹಾಗೆ. ನನಗೆ ಎದೆ ಧಸಕ್ಕೆಂದಿತು ಅಂತ ಬರೆಯಬಹುದು, ಆದರೆ ನಿಜವಾಗಿ ಆಗ ಏನೂ ಆಗಲಿಲ್ಲ. ಸೀಟು ಬಿಚ್ಚಲು ಹೋದೆ. ನಟ್ಟು ಎಲ್ಲಿದೆ ಅಂತಲೇ ತಿಳಿಯಲಿಲ್ಲ. ಆ ಸೀಟನ್ನು ಅಷ್ಟು ಸಲ ಬಿಚ್ಚಿದವನು ನಾನು.

ಮೆಕ್ಯಾನಿಕ್ ಉದ್ದನೆಯ ಶಾಕ್ ಅಬ್ಸಾರ್ಬರ್ ಹುಡುಕಿ ತಂದ. ಫೋರ್ಕು ಕೆಳಕ್ಕೆ ಸರಿಸಿದ. ಈ ಸಲ ಸ್ಟ್ಯಾಂಡು ಮರೆಯಲಿಲ್ಲ. ನಾನು ದಪ್ಪ ಸ್ಪಂಜು ಇಟ್ಟು ಎತ್ತರ ಮಾಡಿದೆ. ಹುಡುಗಿ ಹತ್ತಿ ಕೂತಳು, ಅಳತೆ ತೆಗೆದು ಹೊಲಿದ ಹಾಗಿತ್ತು. ಅಪ್ಪನ ಎತ್ತರ ಹಾಗೇ ಬಂದಿತ್ತು.

"ಕಾಲೇಜಿಗೆ ಗಾಡೀಲೇ ಹೋಗ್ತೀಯಾ?" ಅಂದ ಮೆಕ್ಯಾನಿಕ್, ಏನಾದರೂ ಮಾತಾಡಬೇಕಲ್ಲ ಅಂತ.

"ಕಾಲೇಜು ಬುಟ್ಟೆ ಮಾವ. ಅವ್ವನ ಜಾಗಕ್ಕೆ ನನ್ನೇ ತಗೊಂಡವ್ರೆ. ಸೋಮವಾರದಿಂದ ಫಸ್ಟ್ ಶಿಫ್ಟು."

ಅವನು ಕೈ ಒರೆಸಿಕೊಳ್ಳುತ್ತಿದ್ದ ಬಟ್ಟೆಯನ್ನೇ ನೋಡುತ್ತ ನಿಂತ. ಹುಡುಗಿ ಹೆಲ್ಮೆಟ್ ಹಾಕಿಕೊಂಡು, ಗಾಡಿ ಸ್ಟಾರ್ಟ್ ಮಾಡಿ, "ಅವ್ವ ಇದ್ದಿದ್ರೆ ಬುಡ್ತಿರ್ನಿಲ್ಲ" ಅಂದಳು. ಹೊರಟಳು.

ಆಯಿತು, ಆಗಿ ವರ್ಷಗಳೇ ಕಳೆದವು. ಮೆಕ್ಯಾನಿಕ್ ಈಗಲೂ ಪಕ್ಕದಲ್ಲೇ ಇದ್ದಾನೆ, ಜಗಳ ಸ್ವಲ್ಪ ಕಡಿಮೆಯಾಗಿದೆ. ಅಕ್ಕನ ಮಾತು ಬಂದರೆ ಇಬ್ಬರೂ ಬೇರೆ ಏನೋ ಎತ್ತಿಕೊಳ್ಳುತ್ತೇವೆ. ಯಾವುದು ಬೇಡ ಅಂತ ಅವಳು ಅಷ್ಟು ಹಟ ಹಿಡಿದು ಕೂತು ಗಾಡಿ ಇಳಿಸಿಕೊಂಡಳೋ, ಅದಕ್ಕೇ ನಾವು ನಮ್ಮ ಕೈಯಾರೆ ಆ ಗಾಡಿ ಏರಿಸಿಕೊಟ್ಟೆವು. ಇನ್ನೇನು ಮಾಡಬಹುದಿತ್ತು ಅಂತ ಯೋಚಿಸಿದ್ದೇನೆ, ಏನೂ ಹೊಳೆಯುವುದಿಲ್ಲ. ಅಕ್ಕ ಇಲ್ಲ. ಇವತ್ತು ಬೆಳಿಗ್ಗೆಯೂ ಅವಳ ಮಗಳು ಹೋದಳು, ಆರು ಗಂಟೆ ಶಿಫ್ಟಿಗೆ.